ಸಿಗದಿದ್ದರೆ ನಮ್ಮದನ್ನೇ ಹಾಕು

ಹೆಂಡತಿ ಮಾಡಿಕೊಟ್ಟದ್ದನ್ನು ತಾನು ಬಿಚ್ಚಿ ನೋಡುವಂತಿಲ್ಲ ಎಂಬ ಮಾತು ಮೊದಲ ದಿನವೇ ಕುಮರೇಸನ್‌ನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು.

ಅವನ ಕಸುಬಿನಲ್ಲಿ ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಪುಸ್ತಕಗಳಿರುವ ಲೈಬ್ರರಿಯಲ್ಲ. ಹೊರಗಿನವರು ಬರೆದ ಕೋಡನ್ನು ಯಂತ್ರಕ್ಕಷ್ಟೇ ತಿಳಿಯುವಂತೆ ನುಣ್ಣಗೆ ಅರೆದು, ಮುಚ್ಚಿ, ಒಂದು ಕಡತವಾಗಿ ಕೊಡುತ್ತಾರೆ. ಅಂಗಡಿಯಿಂದ ತಂದ ಸಾರಿನ ಪುಡಿ ಇದ್ದ ಹಾಗೆ. ಕುದಿಯುವ ನೀರಿಗೆ ಹಾಕಬಹುದು, ರುಚಿ ನೋಡಬಹುದು. ಮೆಣಸೆಷ್ಟು, ಜೀರಿಗೆಯೆಷ್ಟು ಎಂದು ಆರಿಸಿ ನೋಡಲಾಗದು. ಜೊತೆಗೆ ಇನ್ನೊಂದು ಸಣ್ಣ ಕಡತ ಬರುತ್ತದೆ. ಏನು ಕೇಳಬಹುದು, ಹೇಗೆ ಕೇಳಬೇಕು ಎಂಬುದಷ್ಟೇ ಅದರಲ್ಲಿ. ಉತ್ತರ ಹೇಗೆ ಹುಟ್ಟುತ್ತದೆ ಎಂಬುದು ಇರುವುದಿಲ್ಲ.

ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿರುವ ದಂಡಪಾಣಿಯವರ ಕಂಪನಿ ನೂಲಿನ ಗಿರಣಿಗಳಿಗೆ ಹತ್ತಿ ಸೋಸುವ ಯಂತ್ರ ಮಾಡಿಕೊಡುತ್ತದೆ. ಅಗಲವಾದ ಕೊಳವೆಯಲ್ಲಿ ಹತ್ತಿ ಹಾರಿ ಬರುತ್ತದೆ, ಕ್ಯಾಮೆರಾ ನೋಡುತ್ತದೆ, ಕೂದಲು, ಗೋಣಿಯ ನಾರು, ಬಣ್ಣದ ಚಿಂದಿ ಕಂಡರೆ ಗಾಳಿಯ ಕೊಳವೆಗಳು ಪಟ್ಟನೆ ಊದಿ ಅದನ್ನು ಕಸದ ಚೀಲಕ್ಕೆ ತಳ್ಳುತ್ತವೆ. ಯಾವುದು ಹತ್ತಿ, ಯಾವುದು ಕಸ ಎಂದು ತೀರ್ಮಾನಿಸುವ ಕೋಡು ಕುಮರೇಸನ್‌ನದು. ಒಂಬತ್ತು ವರ್ಷದಿಂದ ಅದನ್ನು ಸಾಕಿದ್ದ. ಅದಕ್ಕೆ ಸೋಲೆಂದರೆ ಒಂದೇ: ಗೊಬ್ಬರದ ಚೀಲದಿಂದ ಕಿತ್ತು ಬರುವ ಬಿಳಿ ಪ್ಲಾಸ್ಟಿಕ್ ದಾರ. ಬಿಳಿಯಲ್ಲಿ ಬಿಳಿ ಕಾಣುವುದಿಲ್ಲ ಎಂದು ಅವನು ಎಂದೋ ಕೈಚೆಲ್ಲಿದ್ದ.

ಹೆಂಡತಿ ಪೂಂಗೊಡಿ ಆ ದಿನಗಳಲ್ಲಿ ಅದೇ ಕಂಪನಿಯಲ್ಲಿ, ಅವನ ಪಕ್ಕದ ಮೇಜಿನಲ್ಲಿದ್ದಳು. ಸೋದರತ್ತೆಯ ಮಗಳು, ಮದುವೆಯಾಗಿ ಬಂದ ಮೇಲೆ ಅವನೇ ಕೈಹಿಡಿದು ಕೆಲಸ ಕಲಿಸಿದ್ದ. ಎರಡು ವರ್ಷದ ಹಿಂದೆ ಅವಳು ಕೆಲಸ ಬಿಟ್ಟು, ಅಲ್ಲೇ ಇದ್ದ ನವನೀತನ್ ಜೊತೆ ಸೇರಿ ಪೀಳಮೇಡಿನಲ್ಲಿ ಒಂದು ಕೋಣೆ ಹಿಡಿದಳು. ಅವರಿಬ್ಬರೂ ಈಗ ಆ ಬಿಳಿ ದಾರವನ್ನು ಹಿಡಿಯುವ ಲೈಬ್ರರಿ ಮಾಡಿದ್ದರು. ದಂಡಪಾಣಿ ಅದನ್ನು ಒಂದು ತಿಂಗಳು ಅವಿನಾಶಿ ಊರಿನ ಗಿರಣಿಯೊಂದರಲ್ಲಿ ಓಡಿಸಿ ನೋಡುವುದಾಗಿ ಒಪ್ಪಿದ್ದರು. ಸರಿ ಬಂದರೆ ಎಲ್ಲ ಯಂತ್ರಗಳಿಗೂ ಅದೇ. ಅದನ್ನು ತಮ್ಮ ಪ್ರೋಗ್ರಾಮಿಗೆ ಜೋಡಿಸುವ ಕೆಲಸ ಕುಮರೇಸನ್‌ನ ಪಾಲಿಗೆ ಬಂತು.

"ನಿನ್ನ ಹೆಂಡ್ತಿ ಅಡುಗೆ, ನೀನೇ ಬಡಿಸು," ಎಂದು ದಂಡಪಾಣಿ ನಕ್ಕಿದ್ದರು.

ಪ್ರೋಗ್ರಾಮನ್ನು ಕಟ್ಟಿ ನಿಲ್ಲಿಸುವ ಬಿಲ್ಡ್ ಕಡತದಲ್ಲಿ ಅವನು ಹೊಸ ಲೈಬ್ರರಿಯ ವಿಳಾಸ ಬರೆದ. ಎಲ್ಲಿ ಹುಡುಕಬೇಕು, ಸಿಕ್ಕರೆ ಹೇಗೆ ಜೋಡಿಸಬೇಕು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ: ಸಿಗದಿದ್ದರೆ ನಮ್ಮ ಹಳೆಯದನ್ನೇ ಹಾಕು, ಮುಂದೆ ಹೋಗು. ಕಚೇರಿಯ ಉಳಿದ ಕಂಪ್ಯೂಟರುಗಳಲ್ಲಿ ಆ ಲೈಬ್ರರಿ ಇರಲಿಲ್ಲ. ಅದಿಲ್ಲವೆಂದು ಉಳಿದವರ ಕೆಲಸ ನಿಲ್ಲಬಾರದಲ್ಲ. ಹಾಗೆಂದು ತನಗೆ ತಾನೇ ಹೇಳಿಕೊಂಡ. ಅಂಥ ಕಂಪ್ಯೂಟರುಗಳಲ್ಲಿ 'ಸಿಗಲಿಲ್ಲ' ಎಂದು ಹಳದಿ ಅಕ್ಷರದಲ್ಲಿ ಬರುವ ಎಚ್ಚರಿಕೆಯನ್ನೂ ಎರಡು ದಿನ ನೋಡಿ, ಕಣ್ಣಿಗೆ ಕಿರಿಕಿರಿ ಎಂದು ಬಾಯಿ ಮುಚ್ಚಿಸಿದ.

ಮೇಜಿನ ಮೇಲಿನ ಪರೀಕ್ಷೆಯಲ್ಲಿ ಹೊಸ ಲೈಬ್ರರಿ ಬಿಳಿ ದಾರವನ್ನು ಹಿಡಿಯಿತು. ಕಂಪ್ಯೂಟರಿನ ಪರದೆಯ ಮೇಲೆ ಹತ್ತಿಯ ಚಿತ್ರದ ನಡುವೆ ಸಣ್ಣ ಕೆಂಪು ಚೌಕ ಮೂಡಿ ನಿಂತಾಗ ಕುಮರೇಸನ್ ಬಹಳ ಹೊತ್ತು ಅದನ್ನೇ ನೋಡುತ್ತ ಕೂತ. ಆಮೇಲೆ ಅದೇ ಬಿಲ್ಡನ್ನು ಗಿರಣಿಯ ಯಂತ್ರಕ್ಕೆ ತಕ್ಕಂತೆ ಕಟ್ಟಿ ಕಳಿಸಿ, ಟೀ ಕುಡಿಯಲು ಎದ್ದು ಹೋದ.

*

ಹೊಗಳಿಕೆ ವಾರದೊಳಗೇ ಶುರುವಾಯಿತು.

"ಸಾರ್, ಇಷ್ಟು ದಿನ ಈ ಮಿಷನ್ನು ಕಣ್ಣಿದ್ದೂ ಕುರುಡಾಗಿತ್ತು," ಎಂದ ಗಿರಣಿಯ ಮೇಸ್ತ್ರಿ ವೆಳ್ಳಿಯಂಗಿರಿ. ಯಂತ್ರದ ಸದ್ದಿನ ಮೇಲೆ ಕೂಗಿಯೇ ಅವನಿಗೆ ಅಭ್ಯಾಸ, ಫೋನಿನಲ್ಲೂ ಕೂಗುತ್ತಿದ್ದ. "ಮೇಡಂದು ಹಾಕಿದ್ಮೇಲೆ ನೋಡಿ! ಒಂದು ಕೂದಲೆಳೆ ಬಂದ್ರೂ ಬಿಡಲ್ಲ. ಮನೇಲೇ ಇಂಥ ತಲೆ ಇಟ್ಕೊಂಡು ಇಷ್ಟು ವರ್ಷ ಏನ್ ಮಾಡ್ತಿದ್ರಿ ಸಾರ್?"

"ಮೇಡಂ ಆಗ ಅಡುಗೆ ಮಾಡ್ತಿದ್ರು," ಎಂದ ಕುಮರೇಸನ್.

"ಈಗ ನೀವು ಕಲೀರಿ!"

ಅವನು ನಕ್ಕ. ನಗು ಫೋನಿನ ಆಚೆಗೆ ಹೋಯಿತು. ಉಳಿದದ್ದು ಹೊಟ್ಟೆಯೊಳಗೇ ಉಳಿಯಿತು.

ಒಮ್ಮೆ ತಾನೇ ಹೋಗಿ ನೋಡಿದ. ಹೊಸದು ಬರುತ್ತದೆಂದು ಗಿರಣಿಯವರು ಕ್ಯಾಮೆರಾದ ಗಾಜು ಒರೆಸಿ ಫಳಫಳ ಮಾಡಿದ್ದರು. ಮಂಕಾಗಿದ್ದ ದೀಪಗಳನ್ನೆಲ್ಲ ಬದಲಿಸಿದ್ದರು. ವರ್ಷಾನುಗಟ್ಟಲೆ ಅವನು ಕೇಳಿಕೊಂಡರೂ 'ಆಯ್ತು ಸಾರ್, ಆಯ್ತು ಸಾರ್' ಎಂದು ಜಾರಿಕೊಳ್ಳುತ್ತಿದ್ದ ಕೆಲಸ. ಬೀಗರು ಬರುತ್ತಾರೆಂದರೆ ಮನೆ ಗುಡಿಸುವಂತೆ ಗುಡಿಸಿದ್ದರು. ತಾನು ಮನೆಯವನು. ತನಗಾಗಿ ಯಾರು ಗುಡಿಸುತ್ತಾರೆ?

ಸಂಜೆ ಮನೆಗೆ ಬಂದರೆ ಪೂಂಗೊಡಿ ತಾರಸಿಯ ಮೇಲೆ, ಕಿವಿಗೆ ಫೋನು. ಒಣಗಿದ ಬಟ್ಟೆಗಳನ್ನು ಒಂದು ಕೈಯಲ್ಲಿ ಎಳೆದು ಹೆಗಲಿಗೆ ಹಾಕಿಕೊಳ್ಳುತ್ತ ಯಾವುದಕ್ಕೋ ಜೋರಾಗಿ ನಕ್ಕಳು. ಅವನನ್ನು ಕಂಡು, "ಸರಿ, ಆಮೇಲೆ," ಎಂದು ಮಾತು ಮುಗಿಸಿದಳು.

"ಏನಂತೆ ನಿನ್ನ ಪಾರ್ಟ್‌ನರು?"

"ಏನಿಲ್ಲ ಮಾಮಾ. ಬಿಳಿ ದಾರದ ವಿಷಯ."

"ಅದನ್ನ ಹೆಂಗೆ ಹಿಡಿದ್ರಿ? ಬಣ್ಣದಿಂದ ಆಗಲ್ಲ. ಹೊಳಪು ನೋಡ್ತೀರಾ?"

ಅವಳು ಅವನ ಮುಖ ನೋಡಿದಳು. ಮೊದಲಾಗಿದ್ದರೆ ಬಟ್ಟೆಗಳನ್ನು ಅಲ್ಲೇ ಗುಡ್ಡೆ ಹಾಕಿ, ಕೂತು, ಬೆರಳಿನಿಂದ ನೆಲದ ಮೇಲೆ ಗೀಚಿ ವಿವರಿಸುತ್ತಿದ್ದಳು.

"ಅದು ಒಳಗಿನ ವಿಷಯ. ಸಹಿ ಹಾಕಿದೀನಿ. ನಿಮಗೆ ಹೇಳಿದ್ರೆ ನಾನೇ ಕಳ್ಳಿ ಆಗ್ತೀನಿ."

"ನಾನು ಹೊರಗಿನವನಾ?"

"ಕೆಲಸದಲ್ಲಿ ಹೌದು," ಎಂದು ಅಂಗಿಯೊಂದನ್ನು ಅವನ ಮುಖಕ್ಕೆ ಎಸೆದಳು. "ಊಟಕ್ಕಲ್ಲ. ಬನ್ನಿ, ಅಕ್ಕಿಬೇಳೆ ಅನ್ನ ಮಾಡಿದೀನಿ. ಆರಿದ್ರೆ ಗಂಟಾಗತ್ತೆ."

ನವನೀತನ್ ಮೇಲೆ ಅವನಿಗೆ ಆ ಬಗೆಯ ಅನುಮಾನವಿರಲಿಲ್ಲ. ಬೋಳು ತಲೆ, ಜೇಬಿನಲ್ಲಿ ಸದಾ ಪೆಪ್ಪರ್‌ಮೆಂಟು, ಎಲ್ಲರಿಗೂ 'ಅಣ್ಣಾ' ಎನ್ನುವ ಸಾಧು. ಅನುಮಾನವಿದ್ದಿದ್ದರೆ ಸುಲಭವಿತ್ತು, ಕೂಗಾಡಬಹುದಿತ್ತು, ಅತ್ತೆಯನ್ನು ಕರೆಸಬಹುದಿತ್ತು. ಇದಕ್ಕೆ ಹೆಸರೇ ಇರಲಿಲ್ಲ. ತಾನು ಸೋತು ಬಿಟ್ಟ ಜಾಗದಿಂದ ಅವಳು ಹೊರಟಿದ್ದಳು, ಮತ್ತು ಹೊರಡುವಾಗ ಪಕ್ಕದಲ್ಲಿ ಬೇರೊಬ್ಬನಿದ್ದ. ಅವರಿಬ್ಬರಿಗೆ ಗೊತ್ತಿರುವ ಒಂದು ವಿಷಯ ಇತ್ತು, ಅದು ದಿನಾ ತನ್ನ ಮನೆಗೆ ಬಂದು ಉಂಡು ಮಲಗುತ್ತಿತ್ತು, ತನಗೆ ಮಾತ್ರ ಗೊತ್ತಿರಲಿಲ್ಲ.

ಮರುದಿನ ಕಚೇರಿಯಲ್ಲಿ ಆ ಕಡತವನ್ನು ಕೆದಕಿದ. ಮುಚ್ಚಿದ ಲೈಬ್ರರಿಯ ಹೊರಗೆ ಕಾಣುವ ಹೆಸರುಗಳನ್ನಷ್ಟೇ ತೋರಿಸುವ ಸಲಕರಣೆಗಳಿವೆ. ನಾಲ್ಕಾರು ಹೆಸರು ಬಂದವು. ಬೀದಿಯಲ್ಲಿ ನಿಂತು ಯಾರದೋ ಮನೆಯ ಬಾಗಿಲು ಕಿಟಕಿ ಎಣಿಸಿದಂತಾಯಿತು. ನಾಚಿಕೆಯಾಗಿ ಪರದೆಯ ಮೇಲಿದ್ದದ್ದನ್ನು ಅಳಿಸಿದ. ಊಟದ ಹೊತ್ತಿನ ಮೇಲೆ ಮತ್ತೆ ತೆಗೆದು ನೋಡಿದ.

*

ತಿಂಗಳು ಮುಗಿಯುತ್ತ ಬಂತು. ಪೂಂಗೊಡಿಯೂ ನವನೀತನ್ನೂ ಒಪ್ಪಂದಕ್ಕೆ ಕೂರಲು ಬರುವ ದಿನ ಗೊತ್ತಾಯಿತು. ಅದರ ಬೆಳಿಗ್ಗೆ ಕುಮರೇಸನ್ ಗಿರಣಿಯ ಯಂತ್ರದಲ್ಲಿ ಓಡುತ್ತಿದ್ದ ಪ್ರೋಗ್ರಾಮನ್ನು ತನ್ನ ಮೇಜಿಗೆ ಎಳೆದುಕೊಂಡ. ಹೊಗಳಿಕೆಯೇನೇ ಇರಲಿ, ಅದರಲ್ಲಿ ಏನಾದರೂ ಒಂದು ಕೊರತೆ ಇದ್ದೇ ಇರಬೇಕು. ನಿಧಾನವೋ, ಯಂತ್ರದ ಮೆಮೊರಿ ಜಾಸ್ತಿ ತಿನ್ನುವುದೋ. ಒಂದೇ ಒಂದು ಸಿಕ್ಕರೆ ಸಾಕು, ಸಭೆಯಲ್ಲಿ ತಣ್ಣಗೆ ಮುಂದಿಡಬಹುದು.

ಪ್ರೋಗ್ರಾಮು ಹಗುರವಾಗಿತ್ತು. ಹೊಸ ಲೈಬ್ರರಿ ಹೊತ್ತದ್ದು ಅಷ್ಟು ಹಗುರವಿರಲು ಸಾಧ್ಯವೇ ಇರಲಿಲ್ಲ. ಮೊನ್ನೆ ಎಣಿಸಿದ ಬಾಗಿಲುಗಳ ಹೆಸರನ್ನು ಅದರೊಳಗೆ ಹುಡುಕಿದ. ಒಂದೂ ಇರಲಿಲ್ಲ.

ಬಿಲ್ಡ್ ಕಡತ ತೆರೆದು ನೋಡಿದ ಮೇಲೆ ತಿಳಿಯಿತು. ಕಚೇರಿಯ ಕಂಪ್ಯೂಟರಿನ ಚಿಪ್ ಒಂದು ಬಗೆಯದು, ಗಿರಣಿಯ ಯಂತ್ರದೊಳಗಿನದು ಇನ್ನೊಂದು. ಎರಡಕ್ಕೂ ಬೇರೆ ಬೇರೆಯಾಗಿ ಅರೆದ ಲೈಬ್ರರಿಯನ್ನು ಅವರು ಕೊಟ್ಟಿದ್ದರು. ಕಚೇರಿಯದು ಹೊರಗಿನ ಫೋಲ್ಡರಿನಲ್ಲೇ ಇತ್ತು; ಗಿರಣಿಯದು ಅದರೊಳಗಿನ ಇನ್ನೊಂದು ಫೋಲ್ಡರಿನಲ್ಲಿತ್ತು. ಅವನ ಬಿಲ್ಡು ಒಳಗಿನದಕ್ಕೆ ಇಣುಕಿರಲೇ ಇಲ್ಲ. ಹೊರಗೆ ಕಂಡದ್ದು ಬೇರೆ ಚಿಪ್‌ನದೆಂದು ಬಿಟ್ಟು, ಸಿಗಲಿಲ್ಲವೆಂದುಕೊಂಡು, ಹೇಳಿದ ಮಾತಿನಂತೆ ಹಳೆಯದನ್ನೇ ಹಾಕಿ ಮುಂದೆ ಹೋಗಿತ್ತು. ಮೇಜಿನ ಮೇಲೆ ಬಿಳಿ ದಾರ ಹಿಡಿದದ್ದು ಅವಳದು. ಒಂದು ತಿಂಗಳು ಗಿರಣಿಯಲ್ಲಿ ಓಡಿದ್ದು ಅವನದು. ಒರೆಸಿದ ಗಾಜು, ಹೊಸ ದೀಪ, ಹೊಸದೆಂಬ ನಂಬಿಕೆ, ಅದರ ಹಿಂದೆ ಅವನ ಒಂಬತ್ತು ವರ್ಷದ ಹಳೆಯ ಕೋಡು.

ಅವನು ಕ್ಯಾಂಟೀನಿಗೆ ಹೋಗಿ ಒಂದು ಟೀ, ಎರಡು ವರ್ಕಿ ಬಿಸ್ಕತ್ತು ತೆಗೆದುಕೊಂಡು ಗೋಡೆಯ ಪಕ್ಕ ಕೂತ. ಎದೆಯೊಳಗಿಂದ ಏನೋ ಉಕ್ಕಿ ಬರುತ್ತಿತ್ತು. ಅದು ಸಂತೋಷವೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕಣ್ಣಿದ್ದೂ ಕುರುಡು ಎಂದಿದ್ದರಲ್ಲ! ಕೂದಲೆಳೆಯನ್ನೂ ಬಿಡದ ಕಣ್ಣು ಯಾರದಾಗಿತ್ತು? ವರ್ಕಿಯ ಪುಡಿ ಅಂಗಿಯ ಮೇಲೆಲ್ಲ ಉದುರಿದ್ದನ್ನು ಅವನು ಗಮನಿಸಲಿಲ್ಲ.

ಸುಮ್ಮನೆ ಅವಳಿಗೊಂದು ಫೋನು ಮಾಡಿ ಹೇಳಬಹುದಿತ್ತು. ಆ ಯೋಚನೆ ಬಂತು. ಬಂದು, ಅವನ ಮುಂದೆ ನಿಂತು, ಹೋಯಿತು.

*

ಸಭೆಯಲ್ಲಿ ದಂಡಪಾಣಿ ಮೈಸೂರುಪಾಕಿನ ಡಬ್ಬಿ ತೆಗೆದರು. ಪೂಂಗೊಡಿ ಕಚೇರಿಗೆಂದು ಉಡುವ ನೀಲಿ ಸೀರೆಯಲ್ಲಿದ್ದಳು. ಗಂಡನ ಕಡೆ ತಿರುಗಿ, "ಏನ್ ಕುಮರೇಸನ್ ಸಾರ್, ಚೆನ್ನಾಗಿದೀರಾ?" ಎಂದಳು. ನವನೀತನ್ ಕಿಸಕ್ಕನೆ ನಕ್ಕ.

"ಗಿರಣಿಯವರು ಬರೆದು ಕೊಟ್ಟಿದಾರಮ್ಮ," ಎಂದರು ದಂಡಪಾಣಿ. "ಇಷ್ಟು ವರ್ಷ ಈ ಮಿಷನ್ನಿಗೆ ಇಲ್ಲದ ಕಣ್ಣು ಕೊಟ್ಟಿದೀಯಂತೆ. ಕುಮರೇಸಾ, ಬೇಜಾರು ಮಾಡ್ಕೋಬೇಡ."

"ಬೇಜಾರೇನಿಲ್ಲ ಸಾರ್," ಎಂದ ಕುಮರೇಸನ್. ತನ್ನ ಧ್ವನಿ ಇಷ್ಟು ಸಮಾಧಾನವಾಗಿರುವುದು ಕಂಡು ಅವನಿಗೇ ಆಶ್ಚರ್ಯ. "ಒಂದು ಸಣ್ಣ ವಿಷಯ. ಗಿರಣೀಲಿ ಓಡ್ತಾ ಇರೋದು ಇವರ ಲೈಬ್ರರಿ ಅಲ್ಲ. ನಂದು. ತಿಂಗಳಿಂದ ನಂದೇ."

ಮೈಸೂರುಪಾಕು ದಂಡಪಾಣಿಯ ಬೆರಳಲ್ಲೇ ಉಳಿಯಿತು. ಕುಮರೇಸನ್ ಹೆಂಡತಿಯ ಮುಖ ನೋಡಿದ. ಅದನ್ನು ನೋಡಬೇಕೆಂದೇ ಅವನು ಬೆಳಗಿನಿಂದ ಕಾದಿದ್ದ. ಅವಳ ಮುಖದಲ್ಲಿ ಅವಮಾನವಿರಲಿಲ್ಲ. ಲೆಕ್ಕ ತಪ್ಪಿದಾಗ ಹುಬ್ಬು ಗಂಟಿಕ್ಕಿ ಯೋಚಿಸುತ್ತಾಳಲ್ಲ, ಹಾಗೆ ಯೋಚಿಸುತ್ತಿದ್ದಳು.

"ಅಲ್ಲಪ್ಪಾ," ಎಂದರು ದಂಡಪಾಣಿ ಕೊನೆಗೆ, "ಇದೊಳ್ಳೆ ಛತ್ರ ತುಂಬಿ, ಓಲಗ ಊದಿ, ಬೇರೆ ಹುಡುಗಿ ಕೊರಳಿಗೆ ತಾಳಿ ಕಟ್ಟಿದಂಗಾಯ್ತಲ್ಲ!"

ಕುಮರೇಸನ್ ಫೋಲ್ಡರಿನ ಕಥೆ ಹೇಳಿದ. ಹೇಳುವಾಗ 'ಒಳಗಡೆ ಎಲ್ಲೋ ಇಟ್ಟಿದ್ರು' ಎಂಬ ಮಾತನ್ನು ಸ್ವಲ್ಪ ಎಳೆದೇ ಹೇಳಿದ.

ನವನೀತನ್ ಬಾಯಲ್ಲಿದ್ದ ಪೆಪ್ಪರ್‌ಮೆಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. ಅವನ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. "ಸರಿ ಅಣ್ಣಾ, ಸಿಗಲಿಲ್ಲ. ಸಿಗದಿದ್ರೆ ಬಿಲ್ಡು ಅಲ್ಲೇ ಮುರಿದು ಬೀಳಬೇಕಲ್ವಾ? ಯಾಕೆ ಬೀಳಲಿಲ್ಲ?"

 ಹೊರಗೆ ಯಾರೋ ಕಬ್ಬಿಣ ಕೊಯ್ಯುವ ಸದ್ದು.

"ಒಂದು ಸಾಲು ಹಾಕಿದ್ದೆ," ಎಂದ ಕುಮರೇಸನ್. "ಎಲ್ಲರ ಕೆಲಸ ನಿಲ್ಲಬಾರದು ಅಂತ."

"ಎಚ್ಚರಿಕೆಯಾದ್ರೂ ಬಂದಿರಬೇಕಲ್ಲ?"

"ಅದನ್ನ ಬಂದ್ ಮಾಡಿದ್ದೆ."

ಪೂಂಗೊಡಿ ಆಗ ತಲೆಯೆತ್ತಿ ಅವನನ್ನು ನೋಡಿದಳು.  "ಸಾರ್," ಎಂದು ದಂಡಪಾಣಿಯ ಕಡೆ ತಿರುಗಿದಳು, "ಸಹಿ ಈಗ ಬೇಡ. ಗಿರಣಿಗೆ ಹೋಗೋಣ. ನಮ್ಮದನ್ನ ಒಂದ್ಸಲ ನಿಜವಾಗಿ ಓಡಿಸಿ ನೋಡೋಣ. ಕೆಟ್ಟರೆ ಕೆಡಲಿ."

*

ದಂಡಪಾಣಿ, ನವನೀತನ್ ಕಾರಿನಲ್ಲಿ ಹೋದರು. ಹಿಂದೆ ಕುಮರೇಸನ್‌ನ ಬೈಕು. ಕಾರಿನಲ್ಲಿ ಜಾಗವಿದ್ದರೂ ಪೂಂಗೊಡಿ ಬೈಕೇ ಹತ್ತಿದಳು. ಅವಿನಾಶಿ ದಾರಿಯುದ್ದಕ್ಕೂ ಅವಳ ಕೈ ಎಂದಿನಂತೆ ಅವನ ಹೆಗಲ ಮೇಲಿತ್ತು. 

ಗಿರಣಿಯಲ್ಲಿ ಅವನೇ ಫೋಲ್ಡರಿನ ವಿಳಾಸ ತಿದ್ದಿ, ಹೊಸದಾಗಿ ಕಟ್ಟಿ, ಯಂತ್ರಕ್ಕೆ ಹಾಕಿದ. ಹತ್ತಿ ಹಾರತೊಡಗಿತು. ಮೊದಲು ಏನೂ ಬೇರೆಯೆನಿಸಲಿಲ್ಲ. ಆಮೇಲೆ ಗಾಳಿಯ ಕೊಳವೆಗಳು ಪಟಪಟನೆ ಬಡಿದುಕೊಳ್ಳಲು ಶುರುಮಾಡಿದವು.

ವೆಳ್ಳಿಯಂಗಿರಿ ಓಡಿ ಬಂದ. "ಏನ್ ಮೇಡಂ ಇದು? ನಿಂತ್ರೂ ಊದ್ತದೆ, ಕೂತ್ರೂ ಊದ್ತದೆ! ಒಳ್ಳೇ ಹತ್ತಿನೆಲ್ಲ ಕಸಕ್ಕೆ ಹಾಕ್ತಾ ಇದೆ. ನೆನ್ನೆವರೆಗೂ ಇದ್ದಿದ್ದಕ್ಕೆ ಏನಾಗಿತ್ತು? ಅದೇ ಬಂಗಾರದಂಗಿತ್ತು!"

ಬಂಗಾರ. ಕುಮರೇಸನ್ ಕೈಕಟ್ಟಿ ನಿಂತಿದ್ದ. ಆ ಒಂದು ಮಾತು ಅವನ ಮೈಯೆಲ್ಲ ಹರಿದಾಡಿತು. ದಂಡಪಾಣಿ ಗಡ್ಡ ಕೆರೆದುಕೊಳ್ಳುತ್ತಿದ್ದರು. ನವನೀತನ್‌ನ ಮುಖ ಸಪ್ಪಗಾಗಿತ್ತು.

ಪೂಂಗೊಡಿ ಯಂತ್ರ ನಿಲ್ಲಿಸುವಂತೆ ಕೈಮಾಡಿದಳು. ಕಸದ ಚೀಲ ಕಳಚಿ, ನೆಲಕ್ಕೆ ಸುರಿದು, ಅದರ ಪಕ್ಕ ಮಂಡಿಯೂರಿ ಕೂತಳು. ಕಣ್ಣಿಗೆ ಎಲ್ಲವೂ ಬರೀ ಹತ್ತಿ. ಹಿಂದಿನ ಕಸದಲ್ಲಿ ಇರುತ್ತಿದ್ದ ಬಣ್ಣದ ಚಿಂದಿಗಳೂ ಹೆಚ್ಚಿಲ್ಲ. ಅವಳು ಒಂದು ಹಿಡಿ ತೆಗೆದುಕೊಂಡು ಹಿಂಜಿದಳು. ಏನೂ ಇಲ್ಲ. ಇನ್ನೊಂದು ಹಿಡಿ. ಏನೂ ಇಲ್ಲ.

"ನಾನು ಹೇಳಲಿಲ್ವಾ," ಎಂದ ವೆಳ್ಳಿಯಂಗಿರಿ.

ಅವಳು ಅವನ ಕೊರಳಲ್ಲಿದ್ದ ಕಪ್ಪು ಟವೆಲ್ಲನ್ನು ಕೇಳಿ ಇಸಿದುಕೊಂಡು ನೆಲದ ಮೇಲೆ ಹಾಸಿದಳು. ಹತ್ತಿಯನ್ನು ಅದರ ಮೇಲೆ ತೆಳ್ಳಗೆ ಹರವಿ, ತುದಿ ಹಿಡಿದು ಮೆಲ್ಲಗೆ ಒದರಿದಳು. ಹತ್ತಿ ಹಾರಿಹೋಯಿತು. ಕಪ್ಪು ಬಟ್ಟೆಗೆ ಬಿಳಿಯ ಎಳೆಗಳು ಅಂಟಿಕೊಂಡು ಉಳಿದವು. ಒಂದು, ಇನ್ನೊಂದು, ಗುಂಗುರು ಸುತ್ತಿಕೊಂಡ ಮತ್ತೊಂದು. ಅವಳು ಒಂದನ್ನು ಎರಡು ಕೈಯಲ್ಲಿ ಹಿಡಿದು ಎಳೆದಳು. ಹತ್ತಿಯಾಗಿದ್ದರೆ ತುಂಡಾಗಬೇಕು. ತುಂಡಾಗಲಿಲ್ಲ.

ಕುಮರೇಸನ್‌ಗೆ ತಾನು ಯಾವಾಗ ನೆಲಕ್ಕೆ ಕೂತೆನೆಂದು ತಿಳಿಯಲಿಲ್ಲ. ಅವನೂ ಹರವುತ್ತಿದ್ದ, ಒದರುತ್ತಿದ್ದ, ಎಳೆಗಳನ್ನು ಬೆರಳಿಗೆ ಸುತ್ತುತ್ತಿದ್ದ. ಒಂಬತ್ತು ವರ್ಷ ತನ್ನ ಕಣ್ಣ ಮುಂದೆಯೇ ದಾಟಿ ಹೋಗಿ, ನೂಲಾಗಿ, ಬಟ್ಟೆಯಾಗಿ, ಬಣ್ಣ ಹಿಡಿಯದ ಕಲೆಯಾಗಿ ವಾಪಸು ಬರುತ್ತಿದ್ದ ದಾರ. ಅದು ಇಷ್ಟಿತ್ತೇ? "ಪೂವು, ಇಲ್ನೋಡು, ಇದೆಷ್ಟು ಸಣ್ಣದು! ಇದನ್ನೂ ಹಿಡಿದಿದೆ," ಎಂದ. ಮನೆಯ ಹೆಸರು ಬಾಯಿಗೆ ಬಂದುಬಿಟ್ಟಿತ್ತು. ಅವಳೂ ಬಾಗಿ ನೋಡಿದಳು. ಇಬ್ಬರ ತಲೆ ಹತ್ತಿರ ಬಂತು, ಪಕ್ಕದ ಮೇಜಿನ ದಿನಗಳಂತೆ.

ಅಷ್ಟರಲ್ಲಿ ನವನೀತನ್ ಟವೆಲ್ಲಿನ ಆಚೆ ಬದಿ ಬಂದು ಕೂತ. "ಹೊಸ ಅಳತೆ ಸರಿಯಾಯ್ತು ಅಲ್ವಾ?" ಎಂದ ಅವಳಿಗೆ. "ಹ್ಞೂಂ. ಆದ್ರೆ ಅಂಚಿನಲ್ಲಿ ಜಾಸ್ತಿ ಊದ್ತಿದೆ," ಎಂದಳು ಅವಳು. ಅವರು ಮಾತಿಗೆ ಇಳಿದರು. ಕುಮರೇಸನ್‌ನ ಬೆರಳಿಗೆ ಸುತ್ತಿದ ದಾರ ಹಾಗೇ ಉಳಿಯಿತು. ಯಾವ ಅಳತೆ ಎಂದು ಅವನು ಕೇಳಲಿಲ್ಲ.

ವೆಳ್ಳಿಯಂಗಿರಿ ಟವೆಲ್ಲನ್ನು ಬೆಳಕಿಗೆ ಹಿಡಿದು ನೋಡಿ, ಧ್ವನಿ ತಗ್ಗಿಸಿ, "ಇದೆಲ್ಲಾ ನಮ್ಮ ಹತ್ತೀಲಿತ್ತಾ?" ಎಂದ. ದಂಡಪಾಣಿ ಹೊರಗೆ ಹೋಗಿ ಗಿರಣಿಯ ಮ್ಯಾನೇಜರನ್ನು ಕರೆದುಕೊಂಡು ಬಂದರು. ಇನ್ನೊಂದು ತಿಂಗಳು, ಈ ಸಲ ನಿಜವಾದದ್ದು, ಎಂದು ಮಾತಾಯಿತು. ಆಮೇಲೆ ಸಹಿ.

ಎಲ್ಲರೂ ಹೊರಗೆ ನಡೆದ ಮೇಲೆ ಅವಳು ಯಂತ್ರದ ಪಕ್ಕದಲ್ಲಿ ನಿಂತಳು.

"ಆ ಸಾಲನ್ನ ಬೇಕಂತ ಬರೆದ್ರಾ ಮಾಮಾ?"

ಇಲ್ಲ ಎನ್ನಬೇಕೆಂದುಕೊಂಡ. ಬರೆದ ದಿನವನ್ನು ನೆನಪಿಗೆ ತಂದುಕೊಂಡ. ಬೆರಳು, ಕೀಲಿಮಣೆ, ಹಳದಿ ಅಕ್ಷರ. ಆ ಅಕ್ಷರಗಳನ್ನು ಕಂಡಾಗ ಕಿರಿಕಿರಿಯಾಗಿತ್ತು, ನಿಜ. ಎಂಥ ಕಿರಿಕಿರಿ? ಅಲ್ಲಿಂದ ಮುಂದಕ್ಕೆ ಅವನ ಕಣ್ಣು ಹೋಗಲಿಲ್ಲ.

"ಗೊತ್ತಿಲ್ಲ," ಎಂದ.

ಅವಳು ತಲೆಯಾಡಿಸಿದಳು. ಕೂದಲಿಗೆ ಅಂಟಿದ್ದ ಹತ್ತಿಯನ್ನು ತೆಗೆದುಕೊಳ್ಳುತ್ತ ಹೊರಟಳು.

ಹಿಂದಕ್ಕೆ ಬರುವಾಗ ಸಂಜೆಯ ಲಾರಿಗಳು ಸಾಲುಗಟ್ಟಿದ್ದವು. ಕರುಮತ್ತಂಪಟ್ಟಿ ದಾಟಿದ ಮೇಲೆ ಹಿಂದಿನಿಂದ ಅವಳ ದನಿ ಬಂತು.

"ಇನ್ಮೇಲೆ ಬಿಲ್ಡು ನವನೀತನ್ ನೋಡ್ಕೊಳ್ಳಲಿ. ದಂಡಪಾಣಿ ಸಾರ್‌ಗೆ ಹೇಳಿದೀನಿ. ಜೋಡಿಸೋದೆಲ್ಲ ಅವನೇ ಬಂದು ಮಾಡ್ತಾನೆ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ನಲ್ಲ."

ಲಾರಿಯೊಂದು ಹಾರ್ನು ಹೊಡೆಯುತ್ತ ದಾಟಿತು. ಅದು ಹೋಗುವವರೆಗೂ ಅವಳು ಕಾದಳು.

"ಬೇಕಂತ ಮಾಡ್ದೆ ಅಂದಿದ್ರೆ ಜಗಳ ಆಡ್ತಿದ್ದೆ ಮಾಮಾ. ಎರಡು ದಿನ ಮಾತು ಬಿಡ್ತಿದ್ದೆ, ಮುಗೀತಿತ್ತು. ಇಲ್ಲ ಅಂದಿದ್ರೆ ನಂಬ್ತಿದ್ದೆ. ಗೊತ್ತಿಲ್ಲ ಅಂದ್ರಲ್ಲ. ಅದನ್ನಿಟ್ಕೊಂಡು ನಾನೇನ್ ಮಾಡ್ಲಿ?"

ಅವನು ಕನ್ನಡಿಯಲ್ಲಿ ಅವಳ ಮುಖ ಹುಡುಕಿದ. ರಸ್ತೆ ಮಾತ್ರ ಕಂಡಿತು. ಒಂದು ಹಳ್ಳ ಬಂತು, ಬೈಕು ಕುಲುಕಿತು. ಅವಳು ಅವನ ಹೆಗಲು ಹಿಡಿಯಲಿಲ್ಲ. ಹಿಂದಿನ ಸೀಟಿನ ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.